ಆಸ್ಟ್ರೇಲಿಯಾದಲ್ಲಿ ಅಂಗಡಿ, ಹೋಟೆಲ್ ನಡೆಸುವವರಿಗೆ: ಬಾಸ್ ಅನ್ನುವ ತೆರಿಗೆ ಫಾರ್ಮ್ ಸಲ್ಲಿಸುವ ಮುಂಚೆ ಸಂಬಳದ ತೆರಿಗೆಯ ತಪ್ಪು ಹುಡುಕುವುದು ಹೇಗೆ?

ಜನವರಿ ಕೊನೆಯ ವಾರ. ಮೆಲ್ಬರ್ನ್ ಪಶ್ಚಿಮ ಭಾಗದ ಒಂದು ದೋಸೆ ಹೋಟೆಲ್. ಮಧ್ಯಾಹ್ನದ ಗಿರಾಕಿಗಳು ಹೋದ ಮೇಲೆ ಮಾಲೀಕರು ಲ್ಯಾಪ್‌ಟಾಪ್ ತಂದು ನನ್ನ ಮುಂದೆ ಇಟ್ಟರು. ಪಕ್ಕದಲ್ಲಿ ಕೆಂಪು ರಟ್ಟಿನ ಉದ್ದನೆಯ ಲೆಕ್ಕದ ಪುಸ್ತಕ. ಅಂಚಿಗೆಲ್ಲ ಬೆಣ್ಣೆಯ ಕಲೆ.

"ನೋಡಮ್ಮಾ, ಮೂರು ತಿಂಗಳ ಸಂಬಳ ನನ್ನ ಪುಸ್ತಕದಲ್ಲಿ 58,800 ಡಾಲರ್. ತೆರಿಗೆ ಕಚೇರಿ ಎಟಿಒದವರು ಬಾಸ್ ಫಾರ್ಮ್‌ನಲ್ಲಿ ತಾವೇ ತುಂಬಿ ಕೊಟ್ಟಿರೋದು 54,600. ಅದನ್ನ ಅಳಿಸಿ ನಂದು ಹಾಕಿಬಿಡ್ಲಾ?"

"ಬೇಡಿ ಅಣ್ಣಾ, ಒಂದ್ನಿಮಿಷ" ಅಂದೆ. ವ್ಯತ್ಯಾಸ 4,200. ಆ ಹೋಟೆಲಿನಲ್ಲಿ ಆರು ಜನ ಕೆಲಸದವರಿದ್ದಾರೆ. ವಾರಕ್ಕೆ ಎಲ್ಲರ ಸಂಬಳ ಸೇರಿ ಎಷ್ಟು? 4,200. ಅಲ್ಲಿಗೆ ಅರ್ಧ ಕೆಲಸ ಮುಗಿಯಿತು. ಒಂದು ವಾರದ ಸಂಬಳ ಎಲ್ಲೋ ಜಾಸ್ತಿ ಸೇರಿದೆ. ಪುಸ್ತಕ ತಿರುಗಿಸಿದೆ. ಡಿಸೆಂಬರ್ 31ಕ್ಕೆ ಮುಗಿದ ವಾರದ ಸಂಬಳವನ್ನು ಅವರು ಡಿಸೆಂಬರ್ ಲೆಕ್ಕಕ್ಕೇ ಬರೆದಿದ್ದರು. ಹಣ ಹೋಗಿದ್ದು ಮಾತ್ರ ಗುರುವಾರ, ಜನವರಿ 1ಕ್ಕೆ. ಬಾಸ್‌ನಲ್ಲಿ ಎಣಿಸುವುದು ಕೆಲಸ ಮಾಡಿದ ದಿನವನ್ನಲ್ಲ, ಸಂಬಳ ಕೊಟ್ಟ ದಿನವನ್ನು. ಎಟಿಒ ತುಂಬಿದ್ದೇ ಸರಿ ಇತ್ತು.

ಈ ಬರಹದಲ್ಲಿ ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಇದನ್ನೇ. ಲೆಕ್ಕ ತಾಳೆಯಾಗದಿದ್ದರೆ ಸ್ಟೇಟ್‌ಮೆಂಟಿನ ಅಂಕಿ ಅಳಿಸಲು ಹೋಗಬೇಡಿ. ವ್ಯತ್ಯಾಸದ ಅಂಕಿಯನ್ನು ಹಿಡಿದು ಕೂತುಕೊಳ್ಳಿ. ತಪ್ಪು ಎಲ್ಲಿದೆ ಅಂತ ಹೆಚ್ಚಿನ ಸಲ ಅದೇ ಹೇಳುತ್ತದೆ.

ಹೊಸಬರಿಗೆ ಎರಡು ಮಾತು. ಬಾಸ್ ಅಂದರೆ ಬಿಸಿನೆಸ್ ಆ್ಯಕ್ಟಿವಿಟಿ ಸ್ಟೇಟ್‌ಮೆಂಟ್. ಜಿಎಸ್‌ಟಿ, ಕೆಲಸದವರ ಸಂಬಳದಲ್ಲಿ ಹಿಡಿದ ತೆರಿಗೆ, ಇನ್ನೂ ಕೆಲವು ಬಾಬ್ತುಗಳನ್ನು ಆಸ್ಟ್ರೇಲಿಯಾದ ತೆರಿಗೆ ಕಚೇರಿ ಎಟಿಒಗೆ ಒಟ್ಟಿಗೆ ತಿಳಿಸುವ ಫಾರ್ಮ್. ಸಂಬಳದಲ್ಲಿ ತೆರಿಗೆ ಹಿಡಿಯುವುದಕ್ಕೆ ಇಲ್ಲಿ ಪೇಜಿ ವಿತ್‌ಹೋಲ್ಡಿಂಗ್ ಅನ್ನುತ್ತಾರೆ. ಊರಲ್ಲಿ ಸಂಬಳಕ್ಕೆ ಟಿಡಿಎಸ್ ಹಿಡೀತಾರಲ್ಲ, ಅದೇ ಜಾತಿಯದ್ದು. ಇದನ್ನು ಪೇರೋಲ್ ಟ್ಯಾಕ್ಸ್ ಅಂತ ಕರೆಯುವವರೂ ಇದ್ದಾರೆ. ದಯವಿಟ್ಟು ಹಾಗೆ ಕರೆಯಬೇಡಿ. ಇಲ್ಲಿ ಪೇರೋಲ್ ಟ್ಯಾಕ್ಸ್ ಅನ್ನುವುದು ರಾಜ್ಯ ಸರ್ಕಾರಗಳ ಬೇರೆಯೇ ತೆರಿಗೆ. ಅದನ್ನು ಮಾಲೀಕರು ತಮ್ಮ ಕೈಯಿಂದ ಕಟ್ಟಬೇಕು. ವಿಕ್ಟೋರಿಯಾದಲ್ಲಿ 2025ರ ಜುಲೈ 1ರಿಂದ ವರ್ಷಕ್ಕೆ 10 ಲಕ್ಷ ಡಾಲರ್, ನ್ಯೂ ಸೌತ್ ವೇಲ್ಸ್‌ನಲ್ಲಿ 12 ಲಕ್ಷ ಡಾಲರ್ ಸಂಬಳ ದಾಟಿದ ಮೇಲೆ ಅದರ ಮಾತು. ಸಣ್ಣ ಹೋಟೆಲಿನವರಿಗೆ ಅದರ ಗೊಡವೆ ಇಲ್ಲ, ಬಾಸ್‌ನಲ್ಲಿ ಅದಕ್ಕೆ ಜಾಗವೂ ಇಲ್ಲ.

ಮೊದಲು ಮೂರು ಅಂಕಿ ಪಕ್ಕಪಕ್ಕ ಇಡಿ

ಬಾಸ್‌ನಲ್ಲಿ ನಮಗೆ ಬೇಕಾದ ಮನೆಗಳು ಇಷ್ಟು. ಡಬ್ಲ್ಯೂ1ರಲ್ಲಿ ಒಟ್ಟು ಸಂಬಳ, ತೆರಿಗೆ ಕಳೆಯುವ ಮುಂಚಿನದು. ಡಬ್ಲ್ಯೂ2ರಲ್ಲಿ ಆ ಸಂಬಳದಿಂದ ಹಿಡಿದ ತೆರಿಗೆ. ಎಬಿಎನ್ (ವ್ಯಾಪಾರ ಮಾಡುವವರಿಗೆ ಸರ್ಕಾರ ಕೊಡುವ ನಂಬರ್) ಕೊಡದವರಿಗೆ ಹಣ ಕೊಡುವಾಗ ಹಿಡಿದ ತೆರಿಗೆ ಡಬ್ಲ್ಯೂ4ಕ್ಕೆ. ಬೇರೆ ಬಗೆಯ ಕಡಿತಗಳು ಡಬ್ಲ್ಯೂ3ಕ್ಕೆ. ಸಣ್ಣ ಅಂಗಡಿಯವರಿಗೆ ಅದು ಸಾಮಾನ್ಯವಾಗಿ ಖಾಲಿಯೇ ಇರುತ್ತದೆ. ಎಲ್ಲ ಕಡಿತ ಕೂಡಿದರೆ ಡಬ್ಲ್ಯೂ5. ಅದೇ ಅಂಕಿ ಸಾರಾಂಶದ ಭಾಗದಲ್ಲಿ 4ನೇ ಮನೆಗೆ ಹೋಗುತ್ತದೆ.

ಡಬ್ಲ್ಯೂ1, ಡಬ್ಲ್ಯೂ2 ಎರಡಕ್ಕೂ ಮೂರು ಕಡೆಯಿಂದ ಅಂಕಿ ತನ್ನಿ. ಒಂದು, ನಿಮ್ಮ ಪೇರೋಲ್ ಸಾಫ್ಟ್‌ವೇರಿನ ವರದಿ. ಅದನ್ನು ಸಂಬಳ ಕೊಟ್ಟ ತಾರೀಖಿನ ಪ್ರಕಾರವೇ ತೆಗೆಯಿರಿ. ಎರಡು, ಎಸ್‌ಟಿಪಿ ಮೂಲಕ ಎಟಿಒಗೆ ಹೋಗಿರುವ ಮೊತ್ತ. ಪ್ರತಿ ಸಲ ಸಂಬಳ ಕೊಟ್ಟಾಗಲೂ ಸಾಫ್ಟ್‌ವೇರ್ ಎಟಿಒಗೆ ವಿವರ ಕಳಿಸುತ್ತದಲ್ಲ, ಅದು. ಬಾಸ್‌ನಲ್ಲಿ ಮೊದಲೇ ತುಂಬಿ ಬರುವ ಅಂಕಿ ಅಲ್ಲಿಂದಲೇ ಬರುತ್ತದೆ. ಮೂರು, ಬ್ಯಾಂಕಿನಿಂದ ನಿಜಕ್ಕೂ ಹೊರಗೆ ಹೋದ ಸಂಬಳ. ಮೂರನೆಯದನ್ನು ಬಿಟ್ಟುಬಿಡುವವರೇ ಜಾಸ್ತಿ. ಬ್ಯಾಂಕಿನ ಮೊತ್ತಕ್ಕೆ ಹಿಡಿದ ತೆರಿಗೆ ಕೂಡಿದರೆ ಒಟ್ಟು ಸಂಬಳ ಬರಬೇಕು. ಯಾರಿಗಾದರೂ ಕೈಯಲ್ಲಿ ನಗದು ಕೊಟ್ಟಿದ್ದರೆ ಅದು ಸಿಕ್ಕಿಬೀಳುವುದು ಇಲ್ಲೇ. ನಗದು ಕೊಡುವುದು ತಪ್ಪಲ್ಲ. ಲೆಕ್ಕಕ್ಕೆ ಬಾರದೆ ಕೊಡುವುದು ತಪ್ಪು.

ಡಬ್ಲ್ಯೂ ಮನೆಗಳಲ್ಲಿ ಸೆಂಟ್ಸ್ ಬರೆಯುವುದಿಲ್ಲ. ಹಾಗಾಗಿ ಒಂದು ಡಾಲರ್ ಒಳಗಿನ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಡಬ್ಲ್ಯೂ1ರ ವ್ಯತ್ಯಾಸ ಏನು ಹೇಳುತ್ತದೆ?

ವ್ಯತ್ಯಾಸ ಒಂದು ವಾರದ ಸಂಬಳದಷ್ಟಿದ್ದರೆ ಅದು ತಾರೀಖಿನ ಗಲಾಟೆ, ಮೇಲೆ ಹೇಳಿದ ಹಾಗೆ. ಇಲ್ಲವೇ ಒಂದು ಪೇ ರನ್, ಅಂದರೆ ಒಂದು ಸಲ ಸಂಬಳ ಕೊಟ್ಟ ಲೆಕ್ಕ, ಎಟಿಒಗೆ ಹೋಗಿಲ್ಲ. ಸಾಫ್ಟ್‌ವೇರಿನಲ್ಲಿ ಆ ವಾರದ ಮುಂದೆ "ಸಲ್ಲಿಕೆಯಾಗಿದೆ" ಅಂತ ಇದೆಯೋ, ಕಾಯುತ್ತಾ ಕೂತಿದೆಯೋ ನೋಡಿ. ಎಟಿಒ ಅಂಕಿಯೇ ಜಾಸ್ತಿ ಇದ್ದರೆ, ರದ್ದು ಮಾಡಿದ ಪೇ ರನ್ ಹಾಗೇ ಉಳಿದುಕೊಂಡಿರಬಹುದು.

ವ್ಯತ್ಯಾಸ ಸಂಬಳದ ಸರಿಯಾಗಿ 12 ಪರ್ಸೆಂಟ್ ಇದ್ದರೆ ಕೆಲಸದವರ ನಿವೃತ್ತಿಗೆಂದು ಮಾಲೀಕರು ಕಟ್ಟುವ ಸೂಪರ್ ಹಣವನ್ನು ಡಬ್ಲ್ಯೂ1ಕ್ಕೆ ಸೇರಿಸಿದ್ದೀರಿ. 2025ರ ಜುಲೈ 1ರಿಂದ ಸೂಪರ್ ದರ 12 ಪರ್ಸೆಂಟ್. ಅದು ಡಬ್ಲ್ಯೂ1ರಲ್ಲಿ ಬರಬಾರದು. ಸ್ಯಾಲರಿ ಸ್ಯಾಕ್ರಿಫೈಸ್ ಮಾಡಿದ ಮೊತ್ತವೂ, ಅಂದರೆ ಕೆಲಸದವರು ಸಂಬಳದ ಒಂದು ಭಾಗ ಬಿಟ್ಟುಕೊಟ್ಟು ಅದನ್ನು ಸೂಪರ್‌ನಂಥದ್ದಕ್ಕೆ ಹಾಕಿಸಿಕೊಂಡದ್ದು, ಬರಬಾರದು. ಕೆಲಸದವರು ತಮ್ಮ ಕೈಯಿಂದ ತರಕಾರಿ ತಂದು ನೀವು ಬಿಲ್ ನೋಡಿ ವಾಪಸ್ ಕೊಟ್ಟ ಹಣ ಸಂಬಳವೇ ಅಲ್ಲ.

ನಿಮ್ಮ ಅಂಕಿ ಸರಿಯಾಗಿ ಡಬ್ಲ್ಯೂ2ರಷ್ಟು ಕಡಿಮೆ ಇದ್ದರೆ ಒಟ್ಟು ಸಂಬಳದ ಬದಲು ಕೈಗೆ ಸಿಕ್ಕ ಸಂಬಳ ಬರೆದಿದ್ದೀರಿ. ಬ್ಯಾಂಕ್ ಸ್ಟೇಟ್‌ಮೆಂಟ್ ನೋಡಿಕೊಂಡೇ ಲೆಕ್ಕ ಬರೆಯುವವರಲ್ಲಿ ನಾನು ಅತಿ ಹೆಚ್ಚು ಕಂಡಿರುವ ತಪ್ಪು ಇದು.

ವ್ಯತ್ಯಾಸವನ್ನು 9ರಿಂದ ಭಾಗಿಸಿ ನೋಡಿ. ಶೇಷ ಉಳಿಯದಿದ್ದರೆ ಎರಡು ಅಂಕೆ ಅದಲುಬದಲಾಗಿರಬಹುದು. 54,600ರ ಜಾಗದಲ್ಲಿ 45,600 ಬರೆದರೆ ವ್ಯತ್ಯಾಸ 9,000. ಹಳೇ ಕಾಲದ ಗುಮಾಸ್ತರ ಉಪಾಯ ಇದು, ಈಗಲೂ ಕೈ ಬಿಡುವುದಿಲ್ಲ.

ಇನ್ನೊಂದು ತಪ್ಪು ವ್ಯಾಪಾರ ಬೆಳೆದವರಿಗೆ ಬರುತ್ತದೆ. ವರ್ಷಕ್ಕೆ ಹಿಡಿಯುವ ತೆರಿಗೆ 25,000 ಡಾಲರ್ ಒಳಗಿದ್ದರೆ ಮೂರು ತಿಂಗಳಿಗೊಮ್ಮೆ ತಿಳಿಸಿದರೆ ಸಾಕು. ಅದು ದಾಟಿದರೆ ತಿಂಗಳು ತಿಂಗಳು ತಿಳಿಸಬೇಕು, ಮುಂದಿನ ತಿಂಗಳ 21ರ ಒಳಗೆ. ಜಿಎಸ್‌ಟಿ ಮೂರು ತಿಂಗಳಿಗೊಮ್ಮೆಯೇ ಉಳಿದಿದ್ದರೆ ಮೊದಲ ಎರಡು ತಿಂಗಳ ಸಂಬಳದ ಲೆಕ್ಕ ಐಎಎಸ್ ಅನ್ನುವ ಸಣ್ಣ ಸ್ಟೇಟ್‌ಮೆಂಟಿನಲ್ಲಿ ಹೋಗುತ್ತದೆ. ಮೂರನೇ ತಿಂಗಳದ್ದು ಮಾತ್ರ ಬಾಸ್‌ನಲ್ಲಿ. ಅಲ್ಲಿ ಹಳೇ ಅಭ್ಯಾಸದಿಂದ ಮೂರೂ ತಿಂಗಳದ್ದನ್ನು ಬರೆದರೆ ಎರಡು ತಿಂಗಳ ತೆರಿಗೆ ಎರಡು ಸಲ ಲೆಕ್ಕಕ್ಕೆ ಬರುತ್ತದೆ. ವ್ಯತ್ಯಾಸ ಮೊದಲ ಎರಡು ತಿಂಗಳ ಮೊತ್ತಕ್ಕೆ ಸರಿಹೊಂದಿದರೆ ಬೇರೆಲ್ಲೂ ಹುಡುಕಬೇಡಿ.

ಹಾಗೇ ಒಂದು ಕಣ್ಣು ಜಿಎಸ್‌ಟಿ ಕಡೆಗೂ ಇರಲಿ. ಸಂಬಳಕ್ಕೆ ಜಿಎಸ್‌ಟಿ ಇಲ್ಲ. ಸಂಬಳದ ಎಂಟ್ರಿಗೆ ಯಾರಾದರೂ ಜಿಎಸ್‌ಟಿ ಕೋಡ್ ಹಾಕಿದ್ದರೆ ಖರೀದಿಗೆ ಕಟ್ಟಿದ ಜಿಎಸ್‌ಟಿ ವಾಪಸ್ ಕೇಳುವ 1ಬಿ ಮನೆಯಲ್ಲಿ ನಿಮಗೆ ಬರಬಾರದ ಕ್ರೆಡಿಟ್ ಸೇರಿಕೊಂಡಿರುತ್ತದೆ.

ಇನ್ನು ನೀವು ಸೋಲ್ ಟ್ರೇಡರ್ (ಕಂಪನಿ ಮಾಡದೆ ಒಬ್ಬರೇ ವ್ಯಾಪಾರ ನಡೆಸುವವರು) ಆಗಿದ್ದರೆ ಮನೆ ಖರ್ಚಿಗೆ ತೆಗೆದುಕೊಂಡ ಹಣ ಸಂಬಳವಲ್ಲ, ಡಬ್ಲ್ಯೂ1ಕ್ಕೆ ಬರುವುದಿಲ್ಲ. ಕಂಪನಿ ಮಾಡಿಕೊಂಡು ಡೈರೆಕ್ಟರ್ ಆಗಿ ಸಂಬಳ ಅಥವಾ ಫೀಸ್ ತೆಗೆದುಕೊಂಡರೆ ಬರುತ್ತದೆ.

ಒಬ್ಬೊಬ್ಬರ ಪೇಸ್ಲಿಪ್ ಮೇಲೆ ಬೆರಳಿಟ್ಟು ನೋಡಿ

ಒಟ್ಟು ಮೊತ್ತ ಮೂರು ಕಡೆಯೂ ತಾಳೆಯಾದರೆ ಸುಮಾರು ಜನ ಅಲ್ಲಿಗೇ ನಿಲ್ಲಿಸುತ್ತಾರೆ. ಆದರೆ ತಪ್ಪು ಸೆಟ್ಟಿಂಗ್‌ನಲ್ಲೇ ಇದ್ದರೆ ಮೂರು ಕಡೆಯೂ ಒಂದೇ ತಪ್ಪು ಅಂಕಿ ಬರುತ್ತದೆ, ಚೆನ್ನಾಗಿ ತಾಳೆಯೂ ಆಗುತ್ತದೆ! ಹಾಗಾಗಿ ಪ್ರತಿಯೊಬ್ಬರ ಒಂದು ಪೇಸ್ಲಿಪ್ ಆದರೂ ತೆಗೆದು ನೋಡಿ. ಆರು ಜನಕ್ಕೆ ಹತ್ತು ನಿಮಿಷ ಸಾಕು.

ವಾರಕ್ಕೆ 1,000 ಡಾಲರ್ ಸಂಬಳದ ಅಡುಗೆಯವರನ್ನು ತೆಗೆದುಕೊಳ್ಳಿ. 2025–26ರ ಎಟಿಒ ಕೋಷ್ಟಕದ ಪ್ರಕಾರ, ಇಲ್ಲಿನ ತೆರಿಗೆ ನಿವಾಸಿಯಾಗಿದ್ದು 18,200 ಡಾಲರಿನ ತೆರಿಗೆ ಇಲ್ಲದ ಮಿತಿಯನ್ನು ನಿಮ್ಮ ಹತ್ತಿರವೇ ಕೇಳಿಕೊಂಡಿದ್ದರೆ, ಹಿಡಿಯಬೇಕಾದ್ದು 143. ಪೇಸ್ಲಿಪ್‌ನಲ್ಲಿ ಬೇರೆ ಅಂಕಿ ಇದ್ದರೆ ಅದೇ ನಿಮಗೆ ಸುಳಿವು.

255 ಇದ್ದರೆ ತೆರಿಗೆ ಮಿತಿಯ ಟಿಕ್ ಹಾಕಿಲ್ಲ. ಎರಡನೇ ಕೆಲಸದವರಿಗೆ ಹಿಡಿಯುವ ಹಾಗೆ ಹಿಡಿದಿದೆ.

470 ಇದ್ದರೆ ಟಿಎಫ್‌ಎನ್, ಅಂದರೆ ಎಟಿಒ ಕೊಡುವ ತೆರಿಗೆ ನಂಬರ್, ದಾಖಲಾಗಿಲ್ಲ. ನಂಬರ್ ಇಲ್ಲದ ನಿವಾಸಿಗೆ 47 ಪರ್ಸೆಂಟ್ ಹಿಡಿಯಬೇಕು. ಹೊಸದಾಗಿ ಸೇರಿದವರು ನಂಬರಿಗೆ ಅರ್ಜಿ ಹಾಕಿದ್ದರೆ 28 ದಿನ ಸಮಯವಿದೆ. ಆಮೇಲೆ ಅವರು ನಂಬರ್ ತಂದು ಕೊಟ್ಟರೂ ಸಾಫ್ಟ್‌ವೇರಿಗೆ ಹಾಕುವುದು ಮರೆತಿರುತ್ತೇವೆ. ಪಾಪ, ಕೆಲಸದವರು ಸಂಬಳ ಯಾಕೆ ಇಷ್ಟು ಕಡಿಮೆ ಅಂತ ಕೇಳುವುದಕ್ಕೂ ಹಿಂಜರಿಯುತ್ತಾರೆ.

300 ಇದ್ದರೆ ವಿದೇಶಿ ನಿವಾಸಿ ಅಂತ ಗುರುತು ಬಿದ್ದಿದೆ. ಇಲ್ಲಿ ವೀಸಾ ಮತ್ತು ತೆರಿಗೆ ನಿವಾಸ ಒಂದೇ ಅಂತ ತಿಳಿದು ತಪ್ಪು ಮಾಡುತ್ತಾರೆ. ಸ್ಟೂಡೆಂಟ್ ವೀಸಾದಲ್ಲಿ ಬಂದು ಆರು ತಿಂಗಳಿಗಿಂತ ಉದ್ದದ ಕೋರ್ಸ್ ಮಾಡುವವರನ್ನು ಎಟಿಒ ಸಾಮಾನ್ಯವಾಗಿ ತೆರಿಗೆ ನಿವಾಸಿ ಅಂತಲೇ ನೋಡುತ್ತದೆ.

150 ಇದ್ದರೆ ವರ್ಕಿಂಗ್ ಹಾಲಿಡೇ (ತಿರುಗಾಡುತ್ತಾ ಕೆಲಸವನ್ನೂ ಮಾಡುವವರ) ವೀಸಾದ ಲೆಕ್ಕ, ಮೊದಲ ಡಾಲರಿನಿಂದಲೇ 15 ಪರ್ಸೆಂಟ್. ಆ ಬಗೆಯ 462 ವೀಸಾ 2024ರಿಂದ ಭಾರತೀಯರಿಗೂ ಸಿಗುತ್ತಿದೆ. ಆ ವೀಸಾದವರನ್ನು ನೇಮಿಸಿಕೊಂಡಿದ್ದರೆ ಮಾಲೀಕರು ಎಟಿಒದಲ್ಲಿ ಅದಕ್ಕೆ ಬೇರೆ ನೋಂದಣಿ ಮಾಡಿಸಿರಬೇಕು. ಅವರಿಗೆ 150 ಸರಿ, 143 ತಪ್ಪು. ಸ್ಟೂಡೆಂಟ್ ವೀಸಾದವರಿಗೆ 150 ತಪ್ಪು.

44 ಇದ್ದರೆ ವಾರದ ಸಂಬಳವನ್ನು ಸಾಫ್ಟ್‌ವೇರ್ ಹದಿನೈದು ದಿನದ ಸಂಬಳ ಅಂದುಕೊಂಡಿದೆ. ಇದರ ಉಲ್ಟಾನೂ ಆಗುತ್ತದೆ. ಎರಡು ವಾರಕ್ಕೆ 2,000 ಕೊಟ್ಟರೆ ಹಿಡಿಯಬೇಕಾದ್ದು 286. ಅದನ್ನು ಒಂದೇ ವಾರದ್ದು ಅಂತ ಲೆಕ್ಕ ಹಾಕಿದರೆ 464 ಬರುತ್ತದೆ.

ಒಂದೇ ವಾರ ಮಾತ್ರ ತೆರಿಗೆ ಎಗರಿದ್ದರೆ ಬೋನಸ್ ಅಥವಾ ಹಿಂಬಾಕಿ ಕೊಟ್ಟಿದ್ದೀರಾ ನೋಡಿ. ಇದೇ ಅಡುಗೆಯವರಿಗೆ ವರ್ಷದ ಬೋನಸ್ 5,200 ಕೊಟ್ಟರೆ, ಅದನ್ನು 52 ವಾರಕ್ಕೆ ಹಂಚಬೇಕು. ವಾರಕ್ಕೆ 100 ಜಾಸ್ತಿ, ಅದಕ್ಕೆ ತೆರಿಗೆ 32 ಜಾಸ್ತಿ, ಒಟ್ಟು 1,664. ಹಂಚದೆ ಒಂದೇ ವಾರದ 6,200 ಸಂಬಳ ಅಂತ ಹಾಕಿದರೆ ಬೋನಸ್ ಮೇಲೆ 2,121 ಹೋಗುತ್ತದೆ. ಪೇರೋಲ್ ಸಾಫ್ಟ್‌ವೇರುಗಳಲ್ಲಿ ಬೋನಸಿಗೆ ಬೇರೆ ಸಾಲು ಇರುತ್ತದೆ. ಅದನ್ನು ಬಿಟ್ಟು ಮಾಮೂಲಿ ಸಂಬಳದ ಸಾಲಿನಲ್ಲಿ ಹಾಕುವುದರಿಂದ ಆಗುವ ತಪ್ಪು ಇದು.

ಈ ಅಂಕಿಗಳೆಲ್ಲ 2025–26ಕ್ಕೆ. 2026ರ ಜುಲೈ 1ರಿಂದ ಆದಾಯ ತೆರಿಗೆಯ ಕೆಳಗಿನ ಹಂತದ 16 ಪರ್ಸೆಂಟ್ ದರ 15ಕ್ಕೆ ಇಳಿಯುತ್ತದೆ, ಆಗ ಹೊಸ ಕೋಷ್ಟಕ ನೋಡಬೇಕು. ಜುಲೈ ಮೊದಲ ವಾರದಲ್ಲಿ ಹಳೇ ಕೋಷ್ಟಕವೇ ಉಳಿದಿದ್ದರೂ ಇಂಥ ತಪ್ಪು ಬರುತ್ತದೆ. ಅಲ್ಲೂ ನಿಯಮ ಅದೇ, ಸಂಬಳ ಕೊಟ್ಟ ದಿನದ ಕೋಷ್ಟಕ.

ಜಾಸ್ತಿ ಹಿಡಿದಿದ್ದರೆ

ಅದೇ ಹೋಟೆಲಿನಲ್ಲಿ ಒಬ್ಬ ಹುಡುಗ ಓದುತ್ತಾ ಕೆಲಸ ಮಾಡುತ್ತಾನೆ. ವಾರಕ್ಕೆ 600 ಡಾಲರ್. ಡಿಸೆಂಬರ್ ಮೊದಲ ವಾರ ಪೇಸ್ಲಿಪ್ ನೋಡುವಾಗ ಅವನ ತೆರಿಗೆ 126 ಇತ್ತು. ಇರಬೇಕಾಗಿದ್ದು 48. ಫೈಲ್ ತೆಗೆದು ಅವನ ಟಿಎಫ್‌ಎನ್ ಡಿಕ್ಲರೇಶನ್ ನೋಡಿದೆ. ತೆರಿಗೆ ಮಿತಿ ಬೇಕು ಅಂತ ನೀಲಿ ಪೆನ್ನಲ್ಲಿ ಸ್ಪಷ್ಟವಾಗಿ ಗುರುತು ಹಾಕಿದ್ದ. ಸಾಫ್ಟ್‌ವೇರಿಗೆ ಹಾಕುವಾಗ ನಮ್ಮ ಕಡೆಯಿಂದಲೇ ಬಿಟ್ಟುಹೋಗಿತ್ತು. ಅಕ್ಟೋಬರ್ 2ರಿಂದ ನವೆಂಬರ್ 27ರವರೆಗೆ ಒಂಬತ್ತು ಸಂಬಳ, ವಾರಕ್ಕೆ 78ರ ಹಾಗೆ 702 ಡಾಲರ್.

ಇಂಥದ್ದು ಅದೇ ಹಣಕಾಸು ವರ್ಷದ ಒಳಗೆ ಗೊತ್ತಾದರೆ ಮಾಲೀಕರೇ ವಾಪಸ್ ಕೊಡಬೇಕು. ಮುಂದಿನ ಗುರುವಾರದ ಸಂಬಳದಲ್ಲಿ 702 ಸೇರಿಸಿ ಕೊಟ್ಟೆವು. ಎಸ್‌ಟಿಪಿಯಲ್ಲಿ ಅವನ ವರ್ಷದ ಲೆಕ್ಕವೂ ಸರಿಹೋಯಿತು, ಆ ತ್ರೈಮಾಸಿಕದ ಡಬ್ಲ್ಯೂ2 ಕೂಡ ತಾನಾಗೇ ಇಳಿಯಿತು. ವರ್ಷ ಮುಗಿದ ಮೇಲೆ ಗೊತ್ತಾಗಿದ್ದರೆ ಅವನು ಟ್ಯಾಕ್ಸ್ ರಿಟರ್ನ್ ಹಾಕಿ ಎಟಿಒದಿಂದ ಪಡೆಯುವವರೆಗೆ ಕಾಯಬೇಕಿತ್ತು. ವಾರಕ್ಕೆ 78 ಡಾಲರ್ ಅಂದರೆ ಒಬ್ಬ ವಿದ್ಯಾರ್ಥಿಯ ದಿನಸಿ ಖರ್ಚು. ಅದಕ್ಕೇ ನಾನು ಬಾಸ್ ಗಡುವಿಗೆ ಕಾಯದೆ ತ್ರೈಮಾಸಿಕದ ಮೂರನೇ ತಿಂಗಳ ಮೊದಲ ವಾರದಲ್ಲೇ ಪೇಸ್ಲಿಪ್ ನೋಡಿಬಿಡುವುದು.

ಒಂದು ಸೂಕ್ಷ್ಮ ಇದೆ. ಆ ಹುಡುಗ ತಾನೇ ಫಾರ್ಮ್‌ನಲ್ಲಿ ಬೇಡ ಅಂತ ಗುರುತು ಹಾಕಿದ್ದರೆ 126 ಹಿಡಿದದ್ದು ನಮ್ಮ ತಪ್ಪಾಗುತ್ತಿರಲಿಲ್ಲ. ಆಗ ಹಿಂದಿನದನ್ನು ವಾಪಸ್ ಕೊಡುವ ಹಾಗಿಲ್ಲ. ಹೊಸ ಡಿಕ್ಲರೇಶನ್ ತೆಗೆದುಕೊಂಡು ಮುಂದಿನ ಸಂಬಳದಿಂದ ಬದಲಾಯಿಸಬೇಕು. ಹಾಗಾಗಿ ಸೆಟ್ಟಿಂಗ್ ಮುಟ್ಟುವ ಮುಂಚೆ ಅವರ ಸಹಿ ಇರುವ ಕಾಗದ ನೋಡಿ.

ಕಡಿಮೆ ಹಿಡಿದಿದ್ದರೆ

ಇದು ಹೆಚ್ಚು ಕಷ್ಟದ್ದು. 143 ಹಿಡಿಯಬೇಕಾದ ಕಡೆ ಹತ್ತು ವಾರ 44 ಹಿಡಿದಿದ್ದೀರಿ ಅಂತಿಟ್ಟುಕೊಳ್ಳಿ. 990 ಡಾಲರ್ ಕಡಿಮೆ. ಆಗ ಅನೇಕರಿಗೆ ಹೊಳೆಯುವ ದಾರಿ ಡಬ್ಲ್ಯೂ2ರಲ್ಲಿ "ಸರಿಯಾದ" ಅಂಕಿ ಬರೆದುಬಿಡುವುದು. ಹಾಗೆ ಮಾಡಬೇಡಿ. ಅಲ್ಲಿ ಬರೆಯಬೇಕಾದ್ದು ಹಿಡಿಯಬೇಕಾಗಿದ್ದ ತೆರಿಗೆಯನ್ನಲ್ಲ, ನಿಜವಾಗಿ ಹಿಡಿದ ತೆರಿಗೆಯನ್ನು. ಕೆಲಸದವರ ಕೈಗೆ ಹೆಚ್ಚು ಹಣ ಹೋಗಿದೆ, ಪೇಸ್ಲಿಪ್‌ನಲ್ಲೂ 44 ಅಂತಲೇ ಇದೆ. ಬಾಸ್ ಬೇರೆ ಹೇಳಿದರೆ ಇನ್ನೊಂದು ತಪ್ಪು ಸೇರಿತು ಅಷ್ಟೇ.

ಮೊದಲು ಸೆಟ್ಟಿಂಗ್ ಸರಿ ಮಾಡಿ. ಆಮೇಲೆ ಆ ಮನುಷ್ಯರ ಜೊತೆ ಕೂತು ಮಾತಾಡಿ. ಸುಮ್ನೆ ಬಿಟ್ಟರೆ ವರ್ಷದ ಕೊನೆಗೆ ಅವರೇ ಎಟಿಒಗೆ ಕಟ್ಟಬೇಕಾಗುತ್ತದೆ. ಅವರು ಒಪ್ಪಿದರೆ ಮುಂದಿನ ಸಂಬಳಗಳಲ್ಲಿ ಸ್ವಲ್ಪ ಸ್ವಲ್ಪ ಹೆಚ್ಚು ಹಿಡಿಯಬಹುದು. ಒಪ್ಪಿಗೆ ಬರಹದಲ್ಲೇ ಇರಲಿ. ಕೇಳದೆ ಒಂದೇ ವಾರ 990 ಕತ್ತರಿಸುವುದು ಕಾನೂನಿಗೂ ಸರಿಯಲ್ಲ, ಮನುಷ್ಯತ್ವಕ್ಕೂ ಸರಿಯಲ್ಲ. ಕಡಿಮೆ ಹಿಡಿದದ್ದಕ್ಕೆ ಮಾಲೀಕರಿಗೆ ದಂಡ ಬೀಳಬಹುದು. ಆದರೆ ಎಟಿಒ ಬಂದು ಕೇಳುವ ಮುಂಚೆ ನೀವೇ ಹೇಳಿಕೊಂಡರೆ ಪರಿಸ್ಥಿತಿ ತುಂಬಾ ಹಗುರವಾಗುತ್ತದೆ.

"ಎಬಿಎನ್ ಇದೆಯಲ್ಲ" ಅನ್ನುವ ಮಾತು

ಡೆಲಿವರಿಗೆ, ಪಾತ್ರೆ ತೊಳೆಯುವುದಕ್ಕೆ ಬರುವವರಿಂದ ಎಬಿಎನ್ ಮಾಡಿಸಿ ಇನ್‌ವಾಯ್ಸ್ ತೆಗೆದುಕೊಂಡರೆ ತೆರಿಗೆಯ ತಲೆನೋವಿಲ್ಲ ಅಂತ ಒಂದು ಮಾತು ಓಡಾಡುತ್ತದೆ. ನೀವು ಹೇಳಿದ ಹೊತ್ತಿಗೆ ಬಂದು, ನಿಮ್ಮ ಪಾತ್ರೆಯಲ್ಲಿ, ನೀವು ಹೇಳಿದ ಹಾಗೆ ಗಂಟೆ ಲೆಕ್ಕದಲ್ಲಿ ದುಡಿಯುವವರ ಹತ್ತಿರ 11 ಅಂಕಿಯ ಎಬಿಎನ್ ಇದ್ದ ಮಾತ್ರಕ್ಕೆ ಅವರು ಕಾಂಟ್ರಾಕ್ಟರ್ ಆಗುವುದಿಲ್ಲ. ಅವರ ಸಂಬಳ ಡಬ್ಲ್ಯೂ1ಕ್ಕೆ ಬರಬೇಕು, ತೆರಿಗೆ ಹಿಡಿಯಬೇಕು, ಸೂಪರ್ ಕಟ್ಟಬೇಕು. 2019ರ ಜುಲೈ 1ರಿಂದ ಇನ್ನೊಂದು ಹೊಡೆತವೂ ಇದೆ. ತೆರಿಗೆ ಹಿಡಿಯಲೇಬೇಕಾದ ಸಂಬಳಕ್ಕೆ ಏನೂ ಹಿಡಿಯದೇ ಇದ್ದರೆ, ಅಥವಾ ಎಟಿಒಗೆ ತಿಳಿಸದೇ ಇದ್ದರೆ, ಆ ಸಂಬಳವನ್ನು ವ್ಯಾಪಾರದ ಖರ್ಚು ಅಂತ ತೋರಿಸಲು ಬರುವುದಿಲ್ಲ.

ನಿಜವಾದ ಕಾಂಟ್ರಾಕ್ಟರ್ ಆದರೂ ಎಬಿಎನ್ ಕೊಡದೆ 75 ಡಾಲರ್ ದಾಟಿದ ಬಿಲ್ ಕೊಟ್ಟರೆ ಸಾಮಾನ್ಯವಾಗಿ 47 ಪರ್ಸೆಂಟ್ ಹಿಡಿದು ಡಬ್ಲ್ಯೂ4ರಲ್ಲಿ ತೋರಿಸಬೇಕು, ಡಬ್ಲ್ಯೂ2ರಲ್ಲಲ್ಲ. ಕೊಟ್ಟ ನಂಬರ್ ನಿಜವೋ ಅಲ್ಲವೋ ಅಂತ ಎಬಿಎನ್ ಲುಕಪ್‌ನಲ್ಲಿ ಯಾರು ಬೇಕಾದರೂ ನೋಡಬಹುದು.

ತಪ್ಪು ಹಿಂದಿನ ತ್ರೈಮಾಸಿಕದ್ದಾದರೆ

ಜಿಎಸ್‌ಟಿಯ ಸಣ್ಣಪುಟ್ಟ ತಪ್ಪನ್ನು ಮಿತಿಯೊಳಗೆ ಮುಂದಿನ ಬಾಸ್‌ನಲ್ಲಿ ಸರಿದೂಗಿಸಬಹುದು. ಡಬ್ಲ್ಯೂ1, ಡಬ್ಲ್ಯೂ2ರಲ್ಲಿ ಬರೆದ ತಪ್ಪಿಗೆ ಆ ಸೌಲಭ್ಯ ಇಲ್ಲ. ತಪ್ಪಾದ ತ್ರೈಮಾಸಿಕದ ಬಾಸ್ ಅನ್ನೇ ತೆರೆದು ತಿದ್ದಿ ಮತ್ತೆ ಸಲ್ಲಿಸಬೇಕು. ಎಸ್‌ಟಿಪಿಯಲ್ಲಿ ತಪ್ಪು ಕಂಡರೆ 14 ದಿನದ ಒಳಗೆ ಅಥವಾ ಮುಂದಿನ ಪೇ ರನ್‌ನಲ್ಲಿ ಸರಿ ಮಾಡಿ. ವರ್ಷದ ಲೆಕ್ಕ ಮುಚ್ಚಲು ಜುಲೈ 14 ಕೊನೆ ದಿನ, ಅಷ್ಟರೊಳಗೆ ಎಲ್ಲ ಸರಿಯಾಗಿರಲಿ.

ಸಲ್ಲಿಸುವಾಗ

ಮೂರು ತಿಂಗಳ ಬಾಸ್‌ಗೆ ಗಡುವು ಅಕ್ಟೋಬರ್ 28, ಫೆಬ್ರವರಿ 28, ಏಪ್ರಿಲ್ 28, ಜುಲೈ 28. ಶನಿವಾರ, ಭಾನುವಾರ ಬಿದ್ದರೆ ಮುಂದಿನ ಕೆಲಸದ ದಿನ. ಏಜೆಂಟ್ ಮೂಲಕ ಸಲ್ಲಿಸಿದರೆ ಸಾಮಾನ್ಯವಾಗಿ ಸ್ವಲ್ಪ ಹೆಚ್ಚು ಸಮಯ ಸಿಗುತ್ತದೆ. ಆದರೆ ಹಣ ತೆಗೆದುಕೊಂಡು ಬಾಸ್ ಮಾಡಿಕೊಡುವವರು ನೋಂದಾಯಿತ ಬಾಸ್ ಏಜೆಂಟ್ ಅಥವಾ ಟ್ಯಾಕ್ಸ್ ಏಜೆಂಟ್ ಆಗಿರಲೇಬೇಕು. "ನಮ್ಮೂರಿನವರು, ಗೊತ್ತಿರೋರು" ಅನ್ನುವುದು ಸಾಲದು. ಟ್ಯಾಕ್ಸ್ ಪ್ರಾಕ್ಟೀಷನರ್ಸ್ ಬೋರ್ಡ್‌ನ ಪಟ್ಟಿಯಲ್ಲಿ ಹೆಸರು ನೋಡಿ.

ಮೊದಲೇ ತುಂಬಿ ಬಂದ ಅಂಕಿಯನ್ನು ಬದಲಾಯಿಸಬೇಕಾಗಿ ಬಂದರೆ ಯಾಕೆ ಅಂತ ಎರಡು ಸಾಲು ಬರೆದು, ವರದಿಯ ಪ್ರತಿಯ ಜೊತೆ ಫೈಲಿಗೆ ಹಾಕಿ. ಎಸ್‌ಟಿಪಿಯಲ್ಲಿ ತಪ್ಪಿದ್ದರೆ ಅದನ್ನೂ ಸರಿ ಮಾಡಿ. ಬಾಸ್ ಒಂದನ್ನೇ ತಿದ್ದಿದರೆ ಎರಡೂ ಬೇರೆ ಬೇರೆ ಹೇಳುತ್ತಾ ಉಳಿಯುತ್ತವೆ.

ಆ ತಿಂಗಳು ಕೈಯಲ್ಲಿ ಹಣ ಇಲ್ಲ ಅಂತ ಬಾಸ್ ಸಲ್ಲಿಸದೆ ಕೂರಬೇಡಿ. ಸಲ್ಲಿಸುವುದು ಬೇರೆ, ಕಟ್ಟುವುದು ಬೇರೆ. ಸಲ್ಲಿಸಿ, ಎಟಿಒಗೆ ಫೋನ್ ಮಾಡಿ ಕಂತು ಕೇಳಿ. ಕಂಪನಿಯ ಡೈರೆಕ್ಟರ್ ಆಗಿದ್ದರಂತೂ ಇದು ಇನ್ನೂ ಮುಖ್ಯ. ಹಿಡಿದ ತೆರಿಗೆಯನ್ನು ಗಡುವು ಮುಗಿದು ಮೂರು ತಿಂಗಳಾದರೂ ತಿಳಿಸದೇ ಇದ್ದರೆ, ಆಮೇಲೆ ಕಂಪನಿ ಮುಚ್ಚಿದರೂ ಆ ಸಾಲ ಡೈರೆಕ್ಟರ್ ತಲೆ ಮೇಲೇ ಉಳಿಯುತ್ತದೆ. ದೋಸೆ ಹೋಟೆಲಿನ ಅಣ್ಣ ಆ ಮಧ್ಯಾಹ್ನ 54,600 ಅನ್ನು ಹಾಗೇ ಬಿಟ್ಟು ಸಲ್ಲಿಸಿದರು. ಆಮೇಲೆ ಕೆಂಪು ಪುಸ್ತಕದಲ್ಲಿ ಕೊನೆಯ ವಾರದ ಸಾಲಿಗೆ ಅಡ್ಡಗೆರೆ ಎಳೆದು ಪಕ್ಕದಲ್ಲಿ ಬರೆದುಕೊಂಡರು: "ಜನವರಿ 1ಕ್ಕೆ ಕೊಟ್ಟದ್ದು, ಮಾರ್ಚ್ ಲೆಕ್ಕಕ್ಕೆ."